ಎಕರೆಗೆ ಹಣ, ಹಸಿವಿಗೆ ಕತ್ತರಿ

2025ರ ಜುಲೈ 4ರಂದು ಅಮೇರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 'ಒನ್ ಬಿಗ್ ಬ್ಯೂಟಿಫುಲ್ ಬಿಲ್' ಎಂಬ ಹೆಸರಿನ ಬೃಹತ್ ಕಾಯ್ದೆಗೆ ಸಹಿ ಹಾಕಿದರು. ತೆರಿಗೆ ಕಡಿತ ಮತ್ತು ವಲಸಿಗರ ವಿರುದ್ಧದ ಕ್ರಮಗಳ ಕಾರಣದಿಂದ ಆ ಕಾಯ್ದೆ ಜಗತ್ತಿನಾದ್ಯಂತ ಚರ್ಚೆಗೊಳಗಾಯಿತು. ಆದರೆ ಅದರ ಒಡಲಲ್ಲಿದ್ದ ಕೃಷಿ ಅಧ್ಯಾಯದ ಕಡೆಗೆ ನಮ್ಮ ಪತ್ರಿಕೆಗಳು ಹೆಚ್ಚು ಗಮನ ಹರಿಸಲಿಲ್ಲ. ಜಗತ್ತಿನ ಅತ್ಯಂತ ಬಲಾಢ್ಯ ರಾಷ್ಟ್ರವೊಂದು ತನ್ನ ರೈತನಿಗೆ ಹೇಗೆ ಹಣ ಕೊಡುತ್ತದೆ, ಯಾರ ತಟ್ಟೆಯಿಂದ ಎತ್ತಿ ಕೊಡುತ್ತದೆ ಎಂಬುದು ಆ ಅಧ್ಯಾಯದಲ್ಲಿ ಅಡಗಿದೆ. ರೈತನಿಗೆ ಸರಕಾರ ನೆರವಾಗಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನೆರವಿನ ಅಳತೆಗೋಲು ಅಗತ್ಯವಾಗಿರಬೇಕೇ ಹೊರತು ಎಕರೆಯಾಗಿರಬಾರದು. ಈ ಕಾಯ್ದೆ ಎಡವಿರುವುದು ಅಲ್ಲಿಯೇ.

ಮೊದಲು ಈ ವ್ಯವಸ್ಥೆಯ ಒಳಹೊರಗನ್ನು ಅರಿಯೋಣ. ಅಮೇರಿಕದಲ್ಲಿ ಗೋಧಿ, ಮೆಕ್ಕೆಜೋಳ, ಸೋಯಾ, ಭತ್ತ, ಹತ್ತಿ, ಶೇಂಗಾ ಮುಂತಾದ ಕೆಲವು ಬೆಳೆಗಳಿಗೆ ಕಾನೂನು ಒಂದು ಆಧಾರ ಬೆಲೆಯನ್ನು ಗೊತ್ತುಪಡಿಸುತ್ತದೆ. ಭಾರತದಲ್ಲಿ ಬೆಂಬಲ ಬೆಲೆಯೆಂದರೆ ಸರಕಾರ ಆ ಬೆಲೆಗೆ ಧಾನ್ಯವನ್ನು ಖರೀದಿಸುತ್ತದೆ ಎಂದರ್ಥ. ಅಲ್ಲಿ ಹಾಗಲ್ಲ. ರೈತ ಮಾರುಕಟ್ಟೆಯಲ್ಲಿಯೇ ಮಾರುತ್ತಾನೆ. ವರ್ಷದ ರಾಷ್ಟ್ರೀಯ ಸರಾಸರಿ ಬೆಲೆಯು ಆಧಾರ ಬೆಲೆಗಿಂತ ಕೆಳಗಿಳಿದರೆ ವ್ಯತ್ಯಾಸದ ಹಣವನ್ನು ಖಜಾನೆ ಕೊಡುತ್ತದೆ. ಮೆಕ್ಕೆಜೋಳದ ಆಧಾರ ಬೆಲೆ ಬುಶೆಲಿಗೆ 4.10 ಡಾಲರ್ ಆಗಿದ್ದು, ಸರಾಸರಿ ಮಾರುಕಟ್ಟೆ ಬೆಲೆ 3.80 ಡಾಲರಿಗೆ ಕುಸಿಯಿತೆನ್ನಿ. ಆಗ ಬುಶೆಲಿಗೆ, ಅಂದರೆ ಸುಮಾರು 25 ಕಿಲೋಗೆ, 30 ಸೆಂಟ್ ಪಾವತಿಯಾಗುತ್ತದೆ. ಆದರೆ ಈ ವರ್ಷ ಹೊಲದಲ್ಲಿ ನಿಜವಾಗಿ ಬೆಳೆದ ಬೆಳೆಯ ಮೇಲೆ ಈ ಹಣ ಲೆಕ್ಕವಾಗುವುದಿಲ್ಲ. ಹಿಂದಿನ ವರ್ಷಗಳ ಬಿತ್ತನೆಯ ಆಧಾರದಲ್ಲಿ ಆ ಜಮೀನಿಗೆ ದಾಖಲೆಯಲ್ಲಿ ನಿಗದಿಯಾಗಿರುವ ಎಕರೆಗಳ ಶೇ. 85ರಷ್ಟರ ಮೇಲೆ ಲೆಕ್ಕವಾಗುತ್ತದೆ. ದಾಖಲೆಯಲ್ಲಿ ಮೆಕ್ಕೆಜೋಳದ ಎಕರೆ ಇದ್ದರೆ ಸಾಕು, ಆ ವರ್ಷ ಬೇರೆ ಧಾನ್ಯ ಬಿತ್ತಿದ್ದರೂ ಮೆಕ್ಕೆಜೋಳದ ಪಾವತಿಗೆ ಅಡ್ಡಿಯಿಲ್ಲ!

ಹೊಸ ಕಾಯ್ದೆ ಈ ಆಧಾರ ಬೆಲೆಗಳನ್ನು ಒಮ್ಮೆಲೇ ಏರಿಸಿತು. ಮೆಕ್ಕೆಜೋಳದ ಶಾಸನಬದ್ಧ ಆಧಾರ ಬೆಲೆ 3.70 ಡಾಲರಿನಿಂದ 4.10ಕ್ಕೆ, ಸೋಯಾ 8.40ರಿಂದ 10 ಡಾಲರಿಗೆ, ಗೋಧಿ 5.50ರಿಂದ 6.35ಕ್ಕೆ ಏರಿತು. ಬೀಜಸಹಿತ ಹತ್ತಿಗೆ ಪೌಂಡಿಗೆ 36.7 ಸೆಂಟ್ ಇದ್ದುದು 42 ಸೆಂಟ್ ಆಯಿತು. ಶೇಂಗಾಕ್ಕೆ ಟನ್ನಿಗೆ 535 ಡಾಲರ್ ಇದ್ದುದು 630 ಆಯಿತು. ಹಿಂದಿನ ವರ್ಷಗಳಲ್ಲಿ ಮಾರುಕಟ್ಟೆ ಬೆಲೆ ಹೆಚ್ಚಿದ್ದರೆ ಈ ಆಧಾರ ಬೆಲೆ ಶೇ. 115ರವರೆಗೂ ತಾನಾಗಿಯೇ ಏರಬಲ್ಲದು. ಪಾವತಿಗೆ ಅರ್ಹವಾದ ದಾಖಲೆಯ ಎಕರೆಗಳಿಗೆ ಇನ್ನೂ 3 ಕೋಟಿ ಎಕರೆಗಳವರೆಗೆ ಸೇರಿಸಲು ಅವಕಾಶ ಕೊಡಲಾಯಿತು. ಒಬ್ಬ ವ್ಯಕ್ತಿಗೆ ವರ್ಷಕ್ಕೆ 1,25,000 ಡಾಲರ್ ಇದ್ದ ಪಾವತಿಯ ಮಿತಿ 1,55,000 ಡಾಲರಿಗೆ ಏರಿತು. ಹಣದುಬ್ಬರದೊಂದಿಗೆ ಅದು ಇನ್ನೂ ಏರುತ್ತಾ ಹೋಗುತ್ತದೆ.

ಮಿತಿಯಾದರೂ ಇದೆಯಲ್ಲ ಎಂದು ಓದುಗರು ಸಮಾಧಾನಪಡಬಹುದು. ಆದರೆ ಅದೇ ಕಾಯ್ದೆ ಮಿತಿಯ ಗೋಡೆಯಲ್ಲಿ ದೊಡ್ಡದೊಂದು ಕಿಂಡಿಯನ್ನೂ ಕೊರೆಯಿತು. ಹಿಂದೆ ಒಂದು ಸೀಮಿತ ಹೊಣೆಗಾರಿಕೆಯ ಕಂಪೆನಿಯ ಹೆಸರಿನಲ್ಲಿ ಕೃಷಿ ನಡೆದರೆ ಆ ಕಂಪೆನಿಗೆ ಒಂದೇ ಮಿತಿ ಅನ್ವಯಿಸುತ್ತಿತ್ತು. ಈಗ ಅಂತಹ ಅನೇಕ ಕಂಪೆನಿಗಳನ್ನು ಪಾಲುದಾರಿಕೆಯ ಸಂಸ್ಥೆಯಂತೆಯೇ ಪರಿಗಣಿಸಿ, ಕೃಷಿಯಲ್ಲಿ ತೊಡಗಿರುವ ಪ್ರತಿಯೊಬ್ಬ ಸದಸ್ಯನಿಗೂ ಪ್ರತ್ಯೇಕ ಮಿತಿ ಕೊಡಲಾಗಿದೆ. ಸಾವಿರಾರು ಎಕರೆಗಳ ಒಡೆತನದ ಕುಟುಂಬವೊಂದರಲ್ಲಿ ಸದಸ್ಯರು ಹೆಚ್ಚಿದಷ್ಟೂ ಚೆಕ್ಕುಗಳೂ ಹೆಚ್ಚುತ್ತವೆ. ನೂರು ಎಕರೆಯ ಸಣ್ಣ ರೈತನಿಗೆ ಈ ಕಿಂಡಿಯಿಂದ ಯಾವ ಪ್ರಯೋಜನವೂ ಇಲ್ಲ. ಏಕೆಂದರೆ ಅವನು ಹಳೆಯ ಮಿತಿಯ ಹತ್ತಿರಕ್ಕೂ ಬಂದವನಲ್ಲ.

2022ರ ಅಮೇರಿಕದ ಕೃಷಿ ಗಣತಿಯನ್ನು ನೋಡಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಆ ದೇಶದಲ್ಲಿ ಉಳಿದಿರುವುದು ಸುಮಾರು 19 ಲಕ್ಷ ಕೃಷಿ ಘಟಕಗಳು. 2017ರ ಗಣತಿಗೆ ಹೋಲಿಸಿದರೆ ಐದೇ ವರ್ಷಗಳಲ್ಲಿ 1.4 ಲಕ್ಷಕ್ಕೂ ಹೆಚ್ಚು ಘಟಕಗಳು ಕಣ್ಮರೆಯಾಗಿವೆ. ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ವಹಿವಾಟು ನಡೆಸುವ ಶೇ. 6ರಷ್ಟು ಘಟಕಗಳು ಒಟ್ಟು ಕೃಷಿ ಮಾರಾಟದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತಮ್ಮದಾಗಿಸಿಕೊಂಡಿವೆ. ಎಕರೆಯ ಲೆಕ್ಕದಲ್ಲಿ ಹಣ ಹಂಚಿದರೆ ಅದು ಯಾರ ಮನೆಗೆ ಹರಿಯುತ್ತದೆಂಬುದನ್ನು ತಿಳಿಯಲು ಅರ್ಥಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಅಲ್ಲಿನ ಕೃಷಿಭೂಮಿಯ ಸುಮಾರು ಐದನೇ ಎರಡು ಭಾಗ ಗೇಣಿಯ ಮೇಲೆ ನಡೆಯುತ್ತದೆ. ಪಾವತಿಯ ಭರವಸೆ ಹೆಚ್ಚಿದಂತೆ ಭೂಮಾಲಕರು ಗೇಣಿಯನ್ನೂ ಏರಿಸುತ್ತಾರೆ. ಖಜಾನೆಯಿಂದ ಹೊರಟ ಹಣ ದುಡಿಯುವವನ ಕೈ ಸೋಕಿ ಒಡೆಯನ ಜೇಬು ಸೇರುತ್ತದೆ. ಹಣ್ಣು, ತರಕಾರಿ ಬೆಳೆಯುವವರಂತೂ ಈ ಪಾವತಿಯ ವ್ಯಾಪ್ತಿಗೇ ಬರುವುದಿಲ್ಲ.

ಕಪ್ಪು ಜನಾಂಗದ ರೈತರ ಕಥೆ ಇದಕ್ಕಿಂತ ದಾರುಣ. 1920ರಲ್ಲಿ ಅಮೇರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. 2022ರ ಗಣತಿಯಲ್ಲಿ ಅವರ ಸಂಖ್ಯೆ 47 ಸಾವಿರದ ಆಸುಪಾಸಿಗೆ ಇಳಿದಿತ್ತು. ಕೃಷಿ ಇಲಾಖೆಯ ಸಾಲ ವಿತರಣೆಯಲ್ಲಿ ದಶಕಗಳ ಕಾಲ ನಡೆದ ತಾರತಮ್ಯ ಇದಕ್ಕೆ ದೊಡ್ಡ ಕಾರಣ. 1999ರಲ್ಲಿ 'ಪಿಗ್‌ಫರ್ಡ್' ಮೊಕದ್ದಮೆಯಲ್ಲಿ ಸರಕಾರವೇ ರಾಜಿಗೆ ಬಂದು ಪರಿಹಾರ ಕೊಡಬೇಕಾಯಿತು. ಜಮೀನು ಕಳೆದುಕೊಂಡವನ ಹೆಸರಿನಲ್ಲಿ ದಾಖಲೆಯ ಎಕರೆಯೂ ಇರುವುದಿಲ್ಲ. ಹೀಗಾಗಿ ನಿನ್ನೆಯ ಅನ್ಯಾಯ ಇಂದಿನ ಪಾವತಿಯ ಪಟ್ಟಿಯಲ್ಲಿಯೂ ಮುಂದುವರಿಯುತ್ತದೆ. 2025ರ ಜುಲೈಯಲ್ಲಿ ಕೃಷಿ ಇಲಾಖೆಯು ತನ್ನ ಯೋಜನೆಗಳಲ್ಲಿ ಜನಾಂಗದ ಆಧಾರದಲ್ಲಿ ಹಿಂದುಳಿದ ರೈತರನ್ನು ಗುರುತಿಸುವ ಪದ್ಧತಿಯನ್ನೇ ಕೈಬಿಟ್ಟಿತು. ಗಾಯ ಮಾಯುವ ಮೊದಲೇ ಮುಲಾಮನ್ನು ಎಸೆಯುವುದೆಂದರೆ ಇದೇ ಅಲ್ಲವೇ?

ಇನ್ನು ಈ ಹಣ ಎಲ್ಲಿಂದ ಬಂತು? 1973ರಿಂದೀಚೆಗೆ ಅಮೇರಿಕದ ಕೃಷಿ ಕಾಯ್ದೆಯಲ್ಲಿ ರೈತನ ಪಾವತಿ ಮತ್ತು ಬಡವನ ಆಹಾರ ನೆರವು ಒಂದೇ ಗಾಡಿಗೆ ಹೂಡಿದ ಜೋಡೆತ್ತುಗಳಂತೆ ಸಾಗಿ ಬಂದಿದ್ದವು. ಹಳ್ಳಿಯ ಪ್ರತಿನಿಧಿ ನಗರದ ಬಡವನಿಗಾಗಿ ಮತ ಹಾಕುತ್ತಿದ್ದ, ನಗರದ ಪ್ರತಿನಿಧಿ ರೈತನಿಗಾಗಿ ಕೈಯೆತ್ತುತ್ತಿದ್ದ. ಸ್ವಾರ್ಥವಿದ್ದರೂ ಅದರಲ್ಲೊಂದು ಸಾಮಾಜಿಕ ಒಪ್ಪಂದವಿತ್ತು. 2025ರಲ್ಲಿ ಆ ಒಪ್ಪಂದ ಮುರಿಯಿತು. ಪ್ರತಿಪಕ್ಷದ ಒಂದೇ ಒಂದು ಮತವಿಲ್ಲದೆ, ಸೆನೆಟ್‌ನಲ್ಲಿ 50-50ರ ಸಮಬಲವನ್ನು ಉಪಾಧ್ಯಕ್ಷರ ಮತದಿಂದ ಮುರಿದು ಕಾಯ್ದೆಯನ್ನು ಅಂಗೀಕರಿಸಲಾಯಿತು. ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಂತೆ ಹತ್ತು ವರ್ಷಗಳಲ್ಲಿ ಕೃಷಿ ಬಾಬ್ತಿಗೆ ಸುಮಾರು 66 ಶತಕೋಟಿ ಡಾಲರ್ ಹೆಚ್ಚುವರಿಯಾಗಿ ಸಿಗುತ್ತದೆ. ಅದೇ ಅವಧಿಯಲ್ಲಿ ಬಡವರ ಆಹಾರ ನೆರವಿನಿಂದ ಸುಮಾರು 186 ಶತಕೋಟಿ ಡಾಲರ್ ಕಡಿತವಾಗುತ್ತದೆ.

ಈ ಆಹಾರ ನೆರವನ್ನು ಅವಲಂಬಿಸಿದ್ದವರು ಸುಮಾರು 4.2 ಕೋಟಿ ಜನ. 55ರಿಂದ 64 ವರ್ಷದೊಳಗಿನ ದುಡಿಯಬಲ್ಲ ವ್ಯಕ್ತಿಯೂ ಇನ್ನು ತಿಂಗಳಿಗೆ 80 ಗಂಟೆ ದುಡಿದದ್ದಕ್ಕೆ ಪುರಾವೆ ಒದಗಿಸಬೇಕು, ಇಲ್ಲವಾದರೆ ನೆರವು ನಿಲ್ಲುತ್ತದೆ. ಮಕ್ಕಳು 14 ವರ್ಷ ತುಂಬಿದ ತಂದೆತಾಯಿಯರಿಗೂ ಇದೇ ನಿಯಮ. ಯುದ್ಧ, ಹಿಂಸೆಗಳಿಂದ ತಪ್ಪಿಸಿಕೊಂಡು ಕಾನೂನುಬದ್ಧವಾಗಿಯೇ ಆಶ್ರಯ ಪಡೆದ ನಿರಾಶ್ರಿತರು ಖಾಯಂ ನಿವಾಸದ ಪರವಾನಗಿ ಸಿಗುವ ತನಕ ಈ ನೆರವಿಗೆ ಅರ್ಹರಲ್ಲ ಎಂದಾಯಿತು. ಯಾವ ದೇಶಗಳ ಮೇಲೆ ಅಮೇರಿಕ ಬಾಂಬು ಸುರಿಸಿತೋ ಆ ದೇಶಗಳಿಂದ ಬಂದವರೂ ಆ ನಿರಾಶ್ರಿತರಲ್ಲಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಬಡವನಿಂದ ಬೆವರಿನ ಪುರಾವೆ ಕೇಳುವ ಸರಕಾರ, ಹಳೆಯ ಎಕರೆಗೆ ಹಣ ಪಡೆಯುವ ಭೂಮಾಲಕನಿಂದ ಈ ವರ್ಷ ಅದೇ ಬೆಳೆಯನ್ನು ಬೆಳೆದ ಪುರಾವೆಯನ್ನು ಕೇಳುವುದಿಲ್ಲ!

ಹಾಗೆಂದು ಅಮೇರಿಕದ ರೈತ ಸುಖವಾಗಿದ್ದಾನೆಯೇ? ಇಲ್ಲ. ಆತನ ಸಂಕಟ ನಿಜವಾದುದು. ಗೊಬ್ಬರ, ಯಂತ್ರ, ಬಡ್ಡಿಗಳ ಖರ್ಚು ಏರಿದೆ. 2022ರ ಬಳಿಕ ಧಾನ್ಯದ ಬೆಲೆ ಇಳಿದಿದೆ. ಅದರ ಮೇಲೆ ಸರಕಾರದ ಸುಂಕ ಸಮರ ಬೇರೆ. ಅಮೇರಿಕದ ಸೋಯಾದ ಅತಿ ದೊಡ್ಡ ಗಿರಾಕಿಯಾಗಿದ್ದ ಚೀನಾ 2025ರಲ್ಲಿ ಹಲವು ತಿಂಗಳ ಕಾಲ ಖರೀದಿಯನ್ನೇ ನಿಲ್ಲಿಸಿತು. ಅಕ್ಟೋಬರ್ ಕೊನೆಯಲ್ಲಿ ಉಭಯ ನಾಯಕರ ಭೇಟಿಯ ಬಳಿಕವಷ್ಟೇ ಖರೀದಿಯ ಭರವಸೆ ಸಿಕ್ಕಿತು. ಹೊಸ ಆಧಾರ ಬೆಲೆಯ ಪಾವತಿ 2026ರ ಅಕ್ಟೋಬರ್‌ಗೆ ಮೊದಲು ರೈತನ ಕೈಸೇರುವಂತಿರಲಿಲ್ಲ. ಹಾಗಾಗಿ 2025ರ ಡಿಸೆಂಬರ್‌ನಲ್ಲಿ 12 ಶತಕೋಟಿ ಡಾಲರುಗಳ ತಾತ್ಕಾಲಿಕ ನೆರವನ್ನು ಘೋಷಿಸಬೇಕಾಯಿತು. ಒಂದು ಕೈಯಿಂದ ಮಾರುಕಟ್ಟೆಯನ್ನು ಕಸಿದು ಇನ್ನೊಂದು ಕೈಯಿಂದ ಪರಿಹಾರ ಕೊಡುವ ಈ ಆಟದಲ್ಲಿ ಗಿರಾಕಿಯನ್ನು ಕಳೆದುಕೊಂಡವನು ರೈತ. ಪರಿಹಾರದ ಹಣವೂ ಗೊಬ್ಬರದ ಬಿಲ್ಲು, ಗೇಣಿ ಮತ್ತು ಬ್ಯಾಂಕಿನ ಕಂತಿಗೆ ಹೋಗುತ್ತದೆ.

ಈ ಪಾವತಿಗಳ ನೆರಳು ಅಮೇರಿಕದ ಗಡಿಯೊಳಗೇ ಉಳಿಯುವುದಿಲ್ಲ. ಹತ್ತಿಯ ಇತಿಹಾಸವೇ ಇದಕ್ಕೆ ಸಾಕ್ಷಿ. ಅಮೇರಿಕದ ಹತ್ತಿ ಸಬ್ಸಿಡಿಯಿಂದಾಗಿ ಜಾಗತಿಕ ಬೆಲೆ ಕುಸಿಯುತ್ತಿದೆ ಎಂದು 2002ರಲ್ಲಿ ಬ್ರೆಝಿಲ್ ವಿಶ್ವ ವ್ಯಾಪಾರ ಸಂಘಟನೆಯ ಕದ ತಟ್ಟಿತು. 2003ರಲ್ಲಿ ಮಾಲಿ, ಬುರ್ಕಿನಾ ಫಾಸೊ, ಚಾಡ್ ಮತ್ತು ಬೆನಿನ್ ಎಂಬ ನಾಲ್ಕು ಬಡ ಆಫ್ರಿಕನ್ ರಾಷ್ಟ್ರಗಳು ಅದೇ ದೂರನ್ನು ಜಗತ್ತಿನ ಮುಂದಿಟ್ಟವು. ಅಲ್ಲಿ ಲಕ್ಷಾಂತರ ಕುಟುಂಬಗಳ ಮದುವೆ, ಮದ್ದು, ಮಕ್ಕಳ ಶಾಲೆ ಎಲ್ಲವೂ ಹತ್ತಿಯ ಮೇಲೆ ನಿಂತಿವೆ. ಮೊಕದ್ದಮೆಯಲ್ಲಿ ಅಮೇರಿಕ ಸೋತಿತು. ಸೋತ ಬಳಿಕ ಅದು ಮಾಡಿದ್ದೇನು? 2010ರಲ್ಲಿ ಬ್ರೆಝಿಲ್‌ನ ಹತ್ತಿ ಬೆಳೆಗಾರರಿಗೆ ವರ್ಷಕ್ಕೆ 14.7 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯವನ್ನೇ ಮುಗಿಸಿಕೊಂಡಿತು. ಪ್ರತೀಕಾರದ ಸುಂಕ ವಿಧಿಸುವ ಶಕ್ತಿ ಬ್ರೆಝಿಲ್‌ಗಿತ್ತು, ಮಾಲಿಗೆ ಇರಲಿಲ್ಲ. ಶಕ್ತಿಯಿದ್ದವನಿಗೆ ಪರಿಹಾರ, ಇಲ್ಲದವನಿಗೆ ಸಹಾನುಭೂತಿಯ ಭಾಷಣ. 2025ರಲ್ಲಿ ಹತ್ತಿಯ ಆಧಾರ ಬೆಲೆ ಮತ್ತೆ ಏರಿತು.

ಭಾರತಕ್ಕೆ ಇದೇ ಅಮೇರಿಕ ಹೇಳುತ್ತಾ ಬಂದಿರುವ ಪಾಠವೇನು? ಭಾರತದ ಬೆಂಬಲ ಬೆಲೆ ಮಾರುಕಟ್ಟೆಯನ್ನು ವಿಕೃತಗೊಳಿಸುತ್ತದೆ ಎಂದು! 2018ರಲ್ಲಿ ಭಾರತದ ಗೋಧಿ, ಭತ್ತ ಮತ್ತು ಹತ್ತಿಯ ಬೆಂಬಲ ಬೆಲೆಗಳು ಮಿತಿ ಮೀರಿವೆಯೆಂದು ಅದು ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಆಕ್ಷೇಪ ಎತ್ತಿತು. ಆ ಲೆಕ್ಕದಲ್ಲಿ ಬೆಂಬಲ ಬೆಲೆಯನ್ನು 1986-88ರ ಹಳೆಯ ಅಂತಾರಾಷ್ಟ್ರೀಯ ಬೆಲೆಗೆ ಹೋಲಿಸಲಾಗುತ್ತದೆ. ನಾವೂ ಒಂದು ಲೆಕ್ಕ ಮಾಡೋಣ. ಹೊಸ ಕಾಯ್ದೆಯಲ್ಲಿ ಭತ್ತದ ಆಧಾರ ಬೆಲೆ ನೂರು ಪೌಂಡಿಗೆ 16.90 ಡಾಲರ್. ಡಾಲರಿಗೆ 87 ರೂಪಾಯಿಯಂತೆ ಹಿಡಿದರೆ ಕ್ವಿಂಟಾಲಿಗೆ ಸುಮಾರು 3,240 ರೂಪಾಯಿ. ಭಾರತದಲ್ಲಿ 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿ. ಅಲ್ಲಿನ ಖರ್ಚು ಬೇರೆ, ಪದ್ಧತಿ ಬೇರೆ ಎಂಬುದು ನಿಜ. ಆದರೂ ಸಾವಿರಾರು ಎಕರೆಯವನಿಗೆ 3,240 ರೂಪಾಯಿಯ ಆಸರೆ ನ್ಯಾಯವೆಂದಾದರೆ ಎರಡು ಎಕರೆಯವನಿಗೆ 2,369 ರೂಪಾಯಿ ಅನ್ಯಾಯವಾಗುವುದು ಹೇಗೆ?

ಇಂತಹ ಹೊತ್ತಿನಲ್ಲಿ ನಮ್ಮ ಕೇಂದ್ರ ಸರಕಾರ ಗಟ್ಟಿಯಾಗಿ ನಿಲ್ಲಬೇಕಿತ್ತು. ಆದರೆ 2025ರ ಆಗಸ್ಟ್‌ನಲ್ಲಿ, ಅಮೇರಿಕ ಭಾರತದ ಸರಕುಗಳ ಮೇಲೆ ಶೇ. 50 ಸುಂಕ ಹೇರುತ್ತಿದ್ದ ವಾರಗಳಲ್ಲಿಯೇ, ವಿದೇಶಿ ಹತ್ತಿಯ ಮೇಲಿದ್ದ ಶೇ. 11ರ ಆಮದು ಸುಂಕವನ್ನು ಮನ್ನಾ ಮಾಡಲಾಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದಿದ್ದುದನ್ನು ಬಳಿಕ ಡಿಸೆಂಬರ್ 31ರವರೆಗೆ ವಿಸ್ತರಿಸಲಾಯಿತು. ಜವಳಿ ಗಿರಣಿಗಳಿಗೂ ಅವುಗಳ ಕಾರ್ಮಿಕರಿಗೂ ಅಗ್ಗದ ಕಚ್ಚಾವಸ್ತು ಬೇಕು ಎಂಬ ವಾದವನ್ನು ನಾವು ತಳ್ಳಿ ಹಾಕುವುದಿಲ್ಲ. ಆದರೆ ರಾಯಚೂರು, ಹಾವೇರಿ, ಧಾರವಾಡಗಳ ರೈತ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳುಗಳೂ ಅವೇ ಆಗಿದ್ದವು. ಅದರ ಬಿಸಿ ಹೊಲಕ್ಕಷ್ಟೇ ಅಲ್ಲ, ಎಪಿಎಂಸಿ ಅಂಗಳದ ಹಮಾಲರಿಗೂ ತಟ್ಟುತ್ತದೆ. ನಮ್ಮ ಪಟ್ಟಣಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಅಂತಹ ದುಡಿಮೆಯಿಂದಲೇ.

ಅಮೇರಿಕವನ್ನು ದೂರುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳುವುದು ಪ್ರಾಮಾಣಿಕತೆ. 2019ರಲ್ಲಿ ಜಾರಿಗೆ ಬಂದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಬೇರೆಯವರ ಹೊಲವನ್ನು ಲಾವಣಿಗೆ ಹಿಡಿದು ಬೆವರು ಸುರಿಸುವವನಿಗೆ, ಕೂಲಿ ಮಾಡುವ ಹೆಣ್ಣುಮಗಳಿಗೆ ಅದರಲ್ಲಿ ಪಾಲಿಲ್ಲ. ಬೆಂಬಲ ಬೆಲೆ ಘೋಷಣೆಯಾದರೂ ಖರೀದಿ ಕೇಂದ್ರ ತೆರೆಯದಿದ್ದರೆ ಅದು ಕಾಗದದ ಮೇಲಿನ ಅಂಕಿ ಮಾತ್ರ. 2025ರ ನವೆಂಬರ್‌ನಲ್ಲಿ ಉತ್ತರ ಕರ್ನಾಟಕದ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿದದ್ದು ಇದೇ ಕಾರಣಕ್ಕಾಗಿ. ಬೆಂಬಲ ಬೆಲೆ 2,400 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಬೇಕಾಗಿತ್ತು. ಎಕರೆಯನ್ನು ನೋಡುವ, ದುಡಿಮೆಯನ್ನು ನೋಡದ ರೋಗ ಅಲ್ಲಿಯದು ಮಾತ್ರವಲ್ಲ.

ಆದ್ದರಿಂದ ನಮ್ಮ ಆಳುವವರೊಡನೆ ನಮ್ಮ ಒತ್ತಾಯವಿಷ್ಟೇ. ಲಾವಣಿದಾರನನ್ನೂ ರೈತನೆಂದು ದಾಖಲಿಸಿರಿ. ಸುಗ್ಗಿಗೆ ಮುನ್ನವೇ ಖರೀದಿ ಕೇಂದ್ರಗಳನ್ನು ತೆರೆಯಿರಿ. ಖಜಾನೆಯ ಬಲದಿಂದ ಅಗ್ಗವಾದ ಹೊರದೇಶದ ಬೆಳೆಯನ್ನು ನಮ್ಮ ಸುಗ್ಗಿಯ ಕಾಲದಲ್ಲಿ ಸುಂಕವಿಲ್ಲದೆ ಒಳಬಿಡಬೇಡಿರಿ. ರೈತನಿಗೆ ಕೊಡುವ ಹಣವನ್ನು ಪಡಿತರ ಚೀಟಿಯ ಬಡವನಿಂದ ಕಿತ್ತು ಕೊಡುವ ದಾರಿಯನ್ನಂತೂ ಎಂದೂ ಹಿಡಿಯಬೇಡಿರಿ. ಅನ್ನ ಬೆಳೆಯುವವನನ್ನೂ ಅನ್ನಕ್ಕಾಗಿ ಕಾಯುವವನನ್ನೂ ಪರಸ್ಪರ ಎದುರಾಳಿಗಳನ್ನಾಗಿ ನಿಲ್ಲಿಸುವ ಕಾನೂನಿನಿಂದ ಇಬ್ಬರಲ್ಲಿ ಯಾರಿಗೂ ಒಳಿತಾಗದು.