ಕಪ್ಪು ಚುಕ್ಕೆಯ ಒಳಗುಟ್ಟು

ಮಂಚೇನಹಳ್ಳಿ ಕಡೆಯ ರೇಷ್ಮೆ ಬೆಳೆಗಾರರಿಗೆ ಹುಳುವಿನ ಮೈಮೇಲೆ ಮೂಡುವ ಕಪ್ಪು ಚುಕ್ಕೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದು ಗಬಗಬನೆ ಸೊಪ್ಪು ಮೇಯುತ್ತಿರುವ ಹುಳುವಿನ ಮೇಲೆ ಅದು ಕಂಡಿತೆಂದರೆ ಊಜಿ ಹೊಕ್ಕಿದೆ ಎಂದೇ ಲೆಕ್ಕ. ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಇಲ್ಲವೇ ಕಟ್ಟಿದ ಗೂಡನ್ನು ಊಜಿ ಮರಿ ಕೊರೆದು ಹೊರಬೀಳುತ್ತದೆ. ತೂತಾದ ಗೂಡಿನಿಂದ ಎಳೆ ಒಂದೇ ಸಮನೆ ಬಿಚ್ಚಿ ಬರುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅಂಥದ್ದಕ್ಕೆ ಒಳ್ಳೆಯ ಗೂಡಿನ ಬೆಲೆ ಎಲ್ಲಿಂದ ಬರಬೇಕು?

ಊಜಿ ಈ ಸೀಮೆಯ ನೊಣವಲ್ಲ. ಬಂಗಾಳದಲ್ಲಿ ಬಹಳ ಹಿಂದಿನಿಂದ ಇದ್ದ ಇದು 1980ರಲ್ಲಿ ಕರ್ನಾಟಕಕ್ಕೆ ಬಂತು. ಹೆಣ್ಣು ನೊಣ ಹುಳುವಿನ ಚರ್ಮಕ್ಕೆ ಕೆನೆಬಣ್ಣದ ಪುಟ್ಟ ಮೊಟ್ಟೆ ಅಂಟಿಸಿ ಹಾರಿಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ. ಚುಕ್ಕೆ ಮೂಡುವುದು ಆಗ.

ಆದರೆ ಆ ಚುಕ್ಕೆಯನ್ನು ಮಾಡಿದ್ದು ಊಜಿಯಲ್ಲ, ರೇಷ್ಮೆ ಹುಳುವೇ! ಕೀಟಗಳಿಗೆ ಮನುಷ್ಯರಂತೆ ಪ್ರತಿಕಾಯಗಳಿಲ್ಲ. ಹೊರಗಿನದೇನಾದರೂ ಒಳಗೆ ನುಗ್ಗಿದರೆ ಅವುಗಳ ರಕ್ತಕಣಗಳು ಅದನ್ನು ಪದರ ಪದರವಾಗಿ ಸುತ್ತಿಕೊಳ್ಳುತ್ತವೆ. ಆ ಹೊದಿಕೆಯ ಮೇಲೆ ಮೆಲನಿನ್ ಎಂಬ ಕಪ್ಪು ವಸ್ತು ಕೂಡುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಹೆಚ್ಚುಕಡಿಮೆ ಇದೇ ಬಗೆಯ ಕ್ರಿಯೆಯಿಂದ. ಸಣ್ಣ ಶತ್ರುವಾದರೆ ಉಸಿರುಕಟ್ಟಿ ಅಲ್ಲೇ ಸಾಯುತ್ತದೆ.

ಊಜಿ ಮರಿ ಸಾಯುವುದಿಲ್ಲ. ಉಸಿರಾಟದ ರಂಧ್ರಗಳಿರುವ ತನ್ನ ಹಿಂಭಾಗವನ್ನು ಅದು ಒಳಹೊಕ್ಕ ತೂತಿಗೇ ಒತ್ತಿಕೊಂಡು ಕೂರುತ್ತದೆ. ಹುಳು ಕಟ್ಟುತ್ತಾ ಹೋದ ಕಪ್ಪು ಗೋಡೆ ಮರಿಯ ಸುತ್ತ ಆಲಿಕೆಯ ಆಕಾರ ತಾಳುತ್ತದೆ. ಅದರ ಬಾಯಿ ಹೊರಗಾಳಿಗೆ ತೆರೆದಿರುತ್ತದೆ. ಸೆರೆಮನೆ ಕಟ್ಟಲು ಹೋದ ಹುಳು ಕಳ್ಳನಿಗೆ ಗವಾಕ್ಷಿ ಇಟ್ಟು ಮನೆಯನ್ನೇ ಕಟ್ಟಿಕೊಟ್ಟಂತಾಯಿತು.

ಇದರ ಹಿಂದೆ ವಂಶವಾಹಿಗಳ, ಅಂದರೆ ಜೀನ್‌ಗಳ ಕೆಲಸವಿದೆ. ಹುಳುವಿನ ಕಣಕಣದಲ್ಲೂ ಎಲ್ಲ ಜೀನ್‌ಗಳೂ ಇರುತ್ತವಾದರೂ ಎಲ್ಲವೂ ಒಟ್ಟಿಗೆ ದುಡಿಯುವುದಿಲ್ಲ. ಮನೆಯ ದೀಪಗಳಂತೆ ಬೇಕಾದವು ಮಾತ್ರ ಉರಿಯುತ್ತವೆ, ಉಳಿದವು ಆರಿರುತ್ತವೆ. ಊಜಿ ಹೊಕ್ಕ ಹುಳುವಿನ ಚರ್ಮವನ್ನು ಕೇಂದ್ರ ರೇಷ್ಮೆ ಮಂಡಳಿಯ ವಿಜ್ಞಾನಿಗಳು ಪರೀಕ್ಷಿಸಿದರು. ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳುವುದಕ್ಕೆ ಸಂಬಂಧಿಸಿದ ಎಟಿಜಿ-5, ಎಐಎಫ್ ಎಂಬ ಜೀನ್‌ಗಳು ಅಲ್ಲಿ ಚುರುಕಾಗಿದ್ದವು. ಚರ್ಮದ ಕೋಶಗಳು ಸಾಯುತ್ತಿದ್ದುದೂ ಅದೇ ಹೊತ್ತಿಗೆ. 2014ರಲ್ಲಿ ಪ್ರಕಟವಾದ ಸಂಗತಿಯಿದು. ಸ್ವಿಚ್ಚು ಹುಳುವಿನದು, ಒತ್ತಿಸಿದ್ದು ಊಜಿ.

ಮಲೇರಿಯಾದ ಜೀವಿ ಇದಕ್ಕಿಂತ ಜಾಣ. ಅದು ತನ್ನ ಸ್ವಿಚ್ಚುಗಳನ್ನೇ ಬದಲಾಯಿಸುತ್ತದೆ. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯಲ್ಲಿ ‘ವಾರ್’ ಎಂಬ ಹೆಸರಿನ ಸುಮಾರು 60 ಜೀನ್‌ಗಳಿವೆ. ಒಂದೊಂದೂ ಒಂದೊಂದು ಬಗೆಯ ಪ್ರೋಟೀನನ್ನು ರೋಗಿಯ ಕೆಂಪು ರಕ್ತಕಣದ ಹೊರಮೈಗೆ ತಂದು ನಿಲ್ಲಿಸುತ್ತದೆ. ಒಂದು ಹೊತ್ತಿಗೆ ಒಂದೇ ಜೀನ್ ಉರಿಯುತ್ತದೆ. ಆ ವೇಷವನ್ನು ಗುರುತಿಸಿ ದೇಹ ಪ್ರತಿಕಾಯ ತಯಾರಿಸುವಷ್ಟರಲ್ಲಿ ಕೆಲವು ಜೀವಿಗಳು ಬೇರೆ ವೇಷ ತೊಟ್ಟಿರುತ್ತವೆ. ಹಗಲುವೇಷದವರೂ ಇಷ್ಟು ಬೇಗ ಬಣ್ಣ ಬದಲಿಸಲಾರರೇನೋ.

ಊಜಿಗೆ ಅಂಥ ವೇಷಗಳ ಪೆಟ್ಟಿಗೆಯಿಲ್ಲ. ಅದನ್ನು ಹಿಡಿಯಲು ಬೆಳೆಗಾರನಿಗೆ ಸಿಗುವ ಒಳ್ಳೆಯ ಅವಕಾಶ ಮೊಟ್ಟೆ ಚರ್ಮದ ಮೇಲಿರುವ ಆ ಎರಡು ಮೂರು ದಿನ. ಕಪ್ಪು ಚುಕ್ಕೆ ಕಾಣುವ ಹೊತ್ತಿಗೆ ಗವಾಕ್ಷಿ ಸಿದ್ಧವಾಗಿರುತ್ತದೆ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದಂತೂ ಸರಿಯೇ ಸರಿ. ಇಷ್ಟಾಗಿಯೂ ತಪ್ಪಿಸಿಕೊಂಡ ಮರಿ ಗೂಡಿನಿಂದ ಹೊರಬಂದು ನೆಲದ ಬಿರುಕಿನಲ್ಲಿ ಕೋಶವಾಗುತ್ತದೆ. ಅದಕ್ಕೂ ಶತ್ರುವುಂಟು: ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ. ಇದನ್ನು ಹುಳು ಸಾಕುವ ಮನೆಯಲ್ಲಿ ಬಿಡುತ್ತಾರೆ, ಗೂಡು ಬಿಡಿಸಿದ ಮೇಲೆ ತಿಪ್ಪೆಗುಂಡಿಯ ಬಳಿಯೂ ಇಡುತ್ತಾರೆ. ಊಜಿಯ ಕೋಶವನ್ನು ಹುಡುಕಿ ಅದರೊಳಗೆ ಕಣಜ ತನ್ನ ಮೊಟ್ಟೆಯಿಡುತ್ತದೆ.