ಜೇನಿಗೆ ಇಲ್ಲಿ ಗಂಡಾಂತರ ಚಳಿಗಾಲವಲ್ಲ, ಬೇಸಿಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಜೇನುಪೆಟ್ಟಿಗೆ ಇಟ್ಟವರು ಚಳಿಗಾಲದಲ್ಲೇ ಬೇಸಿಗೆಯ ಲೆಕ್ಕ ಹಾಕಬೇಕು. ಯುರೋಪಿನ ಶೀತ ದೇಶಗಳಲ್ಲಿ ಹಿಮದ ತಿಂಗಳು ದಾಟಲೆಂದು ಗೂಡಿನಲ್ಲಿ ಜೇನುತುಪ್ಪ ಉಳಿಸಿ, ಬಾಗಿಲು ಕಿರಿದು ಮಾಡುತ್ತಾರೆ. ನಮ್ಮಲ್ಲಿ ಋತುಮಾನವೇ ತಿರುವುಮುರುವು. ದಸರೆ ಕಳೆಯುತ್ತಲೇ ತೊಗರಿ ಹೂಬಿಡುತ್ತದೆ, ಹಿಂದೆಯೇ ಸೂರ್ಯಕಾಂತಿ, ಕುಸುಬೆ, ಕೊತ್ತಂಬರಿ. ಹಿಂಗಾರಿ ಜೋಳದ ತೆನೆಯಿಂದ ಪರಾಗವೂ ಸಿಗುತ್ತದೆ. ಮಾಗಿಯೇ ಜೇನಿನ ಸುಗ್ಗಿ. ಹೊಲ ಬರಿದಾಗುವುದು ಮಾರ್ಚ್ ನಂತರ. ಆಗ ಉಳಿಯುವುದು ಬೇವು, ಹೊಂಗೆ, ಹುಣಸೆ ಮತ್ತು ಹಳ್ಳದ ದಂಡೆಯ ಸರ್ಕಾರಿ ಜಾಲಿ ಮಾತ್ರ. ಭತ್ತದ ಗದ್ದೆಗಳೇ ಹಬ್ಬಿರುವ ಕಡೆ ಅವೂ ವಿರಳ.

ಗೂಡಿನ ಒಳಗೆ ಮರಿಗಳಿರುವ ಜಾಗ 34–35 ಡಿಗ್ರಿಯಲ್ಲೇ ಇರಬೇಕು. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ಬಿಸಿಲು 40 ದಾಟುತ್ತದೆ. ಆಗ ಕೆಲಸಗಾರ ನೊಣಗಳು ನೀರು ಹೊತ್ತು ತಂದು ಎರಿಯ ಮೇಲೆ ತೆಳುವಾಗಿ ಸವರುತ್ತವೆ, ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬಡಿದು ಗಾಳಿ ಹಾಯಿಸುತ್ತವೆ. ನೀರು ಆವಿಯಾದಂತೆ ಗೂಡು ತಣಿಯುತ್ತದೆ. ಆದರೆ ನೀರಿಗೆ ಹೋದ ನೊಣ ಆಹಾರ ತರಲಾರದು, ಕಾಲುವೆ ನಿಂತ ಮೇಲೆ ನೀರೂ ದೂರವಾಗುತ್ತದೆ. ಸಂಗ್ರಹವಿಲ್ಲದ ಜೇನು ಕುಟುಂಬ ಮರಿ ಬೆಳೆಸುವುದನ್ನು ನಿಲ್ಲಿಸುತ್ತದೆ, ಕ್ಷೀಣಿಸಿದ ಗೂಡಿಗೆ ಮೇಣದ ಪತಂಗ ನುಗ್ಗುತ್ತದೆ. ತುಡುವೆ ಜೇನಾದರೆ ಪೆಟ್ಟಿಗೆ ಬಿಟ್ಟು ಹಾರಿಯೇ ಹೋಗುತ್ತದೆ. ಜೂನ್‌ನಲ್ಲಿ ಖಾಲಿ ಪೆಟ್ಟಿಗೆ ಕಂಡವರು ಪೆಟ್ಟಿಗೆಯನ್ನೋ ತಳಿಯನ್ನೋ ದೂರುತ್ತಾರೆ. ಬಹಳ ಸಲ ಕಾರಣ ಫೆಬ್ರುವರಿಯಲ್ಲಿ ಕೊನೆಯ ಹನಿಯವರೆಗೂ ತುಪ್ಪ ತೆಗೆದದ್ದೇ ಆಗಿರುತ್ತದೆ.

ತುಪ್ಪ ಬಿಟ್ಟರೆ ನಷ್ಟವಲ್ಲವೇ, ಸಕ್ಕರೆ ಪಾಕ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಪಾಕ ಕಷ್ಟಕಾಲಕ್ಕೆ ಬೇಕೇ ಬೇಕು. ಆದರೆ ಅದರಲ್ಲಿ ಪರಾಗದ ಪ್ರೊಟೀನ್ ಇಲ್ಲ, ಮರಿ ಬೆಳೆಯುವುದು ಪರಾಗದಿಂದ. ಗೂಡಿನಲ್ಲಿ ಬಿಟ್ಟ ಎರಡು ಚೌಕಟ್ಟು ತುಪ್ಪದ ಬೆಲೆಯನ್ನು ಹೊಸ ಕುಟುಂಬ ಕೊಳ್ಳುವ ಖರ್ಚಿನ ಪಕ್ಕ ಇಟ್ಟು ನೋಡಿದರೆ ನಷ್ಟ ಯಾವ ಕಡೆ ಎಂಬುದು ತಿಳಿಯುತ್ತದೆ. ಹೂವಿರುವ ಊರಿಗೆ ಪೆಟ್ಟಿಗೆ ಸಾಗಿಸಬಹುದು ಎಂಬ ಮಾತು ನೂರಾರು ಪೆಟ್ಟಿಗೆಯವರಿಗೆ ಸರಿ. ಐದು ಪೆಟ್ಟಿಗೆಯ ರೈತನಿಗೆ ಲಾರಿ ಬಾಡಿಗೆಯೇ ಮೈಮೇಲೆ ಬೀಳುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಕೀಟನಾಶಕದ ಸಿಂಪಡಣೆ ನಿಲ್ಲದೆ ಜೇನು ಉಳಿಯದು, ಸಿಂಪಡಣೆ ನಿಲ್ಲಿಸಿದರೆ ಭತ್ತ ಉಳಿಯದು. ಭತ್ತಕ್ಕೆ ಜೇನಿನ ಹಂಗಿಲ್ಲ ಎಂಬುದು ನಿಜ. ಪಕ್ಕದ ಹೊಲದ ಸೂರ್ಯಕಾಂತಿಗೆ ಇದೆ. ಜೇನು ಕೂರದ ತೆನೆಯಲ್ಲಿ ಜೊಳ್ಳು ಕಾಳೇ ಹೆಚ್ಚು. ಔಷಧಿ ಪೂರ್ತಿ ಬಿಡಿ ಎಂದು ಕೇಳುತ್ತಿಲ್ಲ. ಬದುವಿನ ಹೂವಿಗೆ ತಾಗದಂತೆ, ಜೇನು ಗೂಡು ಸೇರಿದ ಸಂಜೆಯ ಮೇಲೆ, ಪೆಟ್ಟಿಗೆ ಇಟ್ಟವರಿಗೆ ಮುಂಚೆ ತಿಳಿಸಿ ಸಿಂಪಡಿಸಬಹುದು. ವಿಷ ಬೆರೆತ ಗದ್ದೆಯ ನೀರನ್ನೇ ಜೇನು ಹುಡುಕಿ ಹೋಗದಂತೆ ಪೆಟ್ಟಿಗೆಯ ಬಳಿ ಕಲ್ಲು ಹಾಕಿದ ನೀರಿನ ಬಾನಿ ಇಟ್ಟರೆ ಅಪಾಯ ತಗ್ಗುತ್ತದೆ.

2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿತು. ತೋಟಗಾರಿಕೆ ಇಲಾಖೆಯೂ ಸಹಾಯಧನದಲ್ಲಿ ಪೆಟ್ಟಿಗೆ ಕೊಡುತ್ತದೆ. ಹಂಚಿದ ಪೆಟ್ಟಿಗೆಯ ಎಣಿಕೆ ಸಾಲದು, ಜೂನ್‌ನಲ್ಲಿ ಜೀವಂತ ಉಳಿದ ಕುಟುಂಬಗಳ ಎಣಿಕೆ ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಈ ಮೂರು ತಾಲ್ಲೂಕುಗಳಿಗೆ ಹೂವಿನ ಪಂಚಾಂಗವೊಂದನ್ನು ಅಚ್ಚು ಹಾಕಿ ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ತೂಗುಹಾಕಲಿ. ಪೆಟ್ಟಿಗೆ ಇಟ್ಟವರು ಈ ಫೆಬ್ರುವರಿಯಲ್ಲಿ ಪ್ರತಿ ಗೂಡಿನಲ್ಲೂ ಮೇಣ ಮುಚ್ಚಿದ ಎರಡು ಚೌಕಟ್ಟು ತುಪ್ಪ ಬಿಡಲಿ, ಮಾರ್ಚ್‌ಗೆ ಮುಂಚೆ ಪೆಟ್ಟಿಗೆಗಳನ್ನು ಬೇವಿನ ನೆರಳಿಗೆ ಸರಿಸಲಿ, ಮಳೆಗಾಲದಲ್ಲಿ ಬದುವಿಗೆ ನಾಲ್ಕು ಹೊಂಗೆ ಸಸಿ ನೆಡಲಿ.