ಮೊದಲು ಬ್ರೇಕು, ಅನಂತರ ಎಂಜಿನು

ಕಿರುದೂರದ ವೇಗದೋಟ, ಬೆಟ್ಟವೇರುವ ಸ್ಪರ್ಧೆ ಮುಂತಾದ ಮೋಟಾರು ಕ್ರೀಡೆಗಳಿಗೆ ಕಾರನ್ನು ಅಣಿಗೊಳಿಸುವ ಹವ್ಯಾಸಿ ತರುಣರು ಮೊದಲು ಎಂಜಿನಿಗೆ ಕೈಹಾಕುವುದುಂಟು. ಈ ಕ್ರಮ ಸರಿಯಲ್ಲವೆಂದು ನಮ್ಮ ಮತ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದು. ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಿದ ಕಾರನ್ನು ನಿಲ್ಲಿಸಲು ಬ್ರೇಕುಗಳು ಅಷ್ಟನ್ನೂ ಶಾಖವಾಗಿ ಮಾರ್ಪಡಿಸಬೇಕು. ಬ್ರೇಕಿನ ದ್ರವವೋ ಗಾಳಿಯ ತೇವವನ್ನು ಹೀರುವಂತಹುದು. ಡಾಟ್-4 ದ್ರವದ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಅದು 155ರ ಸಮೀಪಕ್ಕೆ ಇಳಿಯಬಹುದು. ದ್ರವ ಕುದಿದು ಆವಿಯಾದರೆ ಪೆಡಲನ್ನು ಒತ್ತಿದರೂ ಕಾರು ನಿಲ್ಲದು. ಆದುದರಿಂದ ಹೊಸ ದ್ರವ, ಉತ್ತಮ ಟೈರು, ಸೀಟುಪಟ್ಟಿ, ಶಿರಸ್ತ್ರಾಣ ಮೊದಲು, ಅಶ್ವಶಕ್ತಿ ಅನಂತರ. ಪರೀಕ್ಷೆಯೂ ಸಾರ್ವಜನಿಕ ಸಂಚಾರವಿಲ್ಲದ ಪಥದಲ್ಲಿಯೇ ನಡೆಯಲಿ. ರಾಯಚೂರಿನ ಗುಂಜಹಳ್ಳಿಯಂತಹ ಊರುಗಳ ರಸ್ತೆ ಎತ್ತಿನ ಬಂಡಿಗೂ ಶಾಲೆಯ ಮಕ್ಕಳಿಗೂ ಸೇರಿದುದು. ಅಲ್ಲಿ ವೇಗದ ಪ್ರಯೋಗಕ್ಕೆ ನಮ್ಮ ವಿದ್ಯಾರ್ಥಿಮಿತ್ರರು ತೊಡಗದಿರಲಿ.